ಕಳ್ಳೇಕಾಯಿ ಪರಿಷೆ ಯಾರದು?

(ಕನಕಪುರದಲ್ಲಿ ಸಣ್ಣ ವ್ಯಾಪಾರಿಗಳು ಮತ್ತು ರೇಷ್ಮೆ ಹುರಿ ಕಾರ್ಮಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ದುಡಿದು ದಣಿದು ಬಂದಿದ್ದೀರಿ. ಹುರಿ ಮಿಷನ್ನಿನ ಸದ್ದು ಇನ್ನೂ ಕಿವಿಯಲ್ಲಿರುವವರ ಮುಂದೆ ಉದ್ದುದ್ದ ಮಾತಾಡುವುದು ಅನ್ಯಾಯ. ಆದರೆ ನಾನು ಮೇಷ್ಟರಾಗಿದ್ದವನು; ಗಂಟೆ ಹೊಡೆಯುವ ತನಕ ಬಾಯಿ ಮುಚ್ಚಿದ ಅಭ್ಯಾಸವಿಲ್ಲ. ಆದ್ದರಿಂದ ಒಂದೇ ವಿಷಯ ಹಿಡಿದುಕೊಳ್ಳುತ್ತೇನೆ. ಕಾರ್ತಿಕ ಮಾಸ ಬರುತ್ತಿದೆ. ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಳ್ಳೇಕಾಯಿ ಪರಿಷೆ. ಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋಗುವವರು ಈ ಸಭೆಯಲ್ಲಿಯೇ ಇದ್ದೀರಿ. ಹೋಗುವ ಮುಂಚೆ ಒಂದು ಪ್ರಶ್ನೆಯನ್ನು ಮನಸ್ಸಿಗೆ ತಂದುಕೊಳ್ಳಿ: ಆ ಪರಿಷೆ ಯಾರದು?

ಈಗ ಎಲ್ಲೆಲ್ಲೂ ಉತ್ಸವಗಳ ಕಾಲ. ಹಂಪಿ ಉತ್ಸವ, ಕಿತ್ತೂರು ಉತ್ಸವ, ಊರಿಗೊಂದು ಉತ್ಸವ. ಕರಪತ್ರದಲ್ಲಿ 'ನಮ್ಮ ಪರಂಪರೆ' ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ನಾನು ಉತ್ಸವದ ವಿರೋಧಿಯಲ್ಲ. ದುಡಿಯುವ ಮನುಷ್ಯನಿಗೆ ವರ್ಷಕ್ಕೊಂದು ಸಲ ಹೊಸ ಅಂಗಿ ತೊಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಬೆಂಡು ಬತ್ತಾಸು ಕೊಡಿಸುವ ಹಕ್ಕಿಲ್ಲವೇ? ಅದನ್ನು ಹೀಯಾಳಿಸುವ ವಿಚಾರವಂತರು ನಮ್ಮ ಪಕ್ಷದಲ್ಲೂ ಇದ್ದಾರೆ. ಅವರ ಮಾತು ನನಗೆ ಹಿಡಿಸುವುದಿಲ್ಲ.

ಜನ ಸೇರುವ ಜಾಗದ ಬೆಲೆ ಆಳುವವರಿಗೆ ಚೆನ್ನಾಗಿ ಗೊತ್ತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆ ನಡೆಸಿದ್ದು ಹೊಸ ಸಿಂಹಾಸನ ಗಟ್ಟಿಯಾಗಿದೆ ಎಂದು ಪಾಳೆಯಗಾರರಿಗೆ ತೋರಿಸುವುದಕ್ಕೂ ಹೌದು. ಮುಂದೆ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. 144 ಮಂದಿ ಪ್ರತಿನಿಧಿಗಳು. ಆ ಸಭೆಗೆ ದಸರೆಯ ಕಾಲವನ್ನೇ ಆರಿಸಿದರು. ಮತದ ಅಧಿಕಾರವಿರಲಿಲ್ಲ, ಅಹವಾಲು ಹೇಳಿ ಬರಬಹುದಿತ್ತು, ಅಷ್ಟೇ. ಬಂದವರೂ ಜಮೀನುದಾರರು, ದೊಡ್ಡ ವರ್ತಕರು. ಆದರೂ ಹಬ್ಬಕ್ಕೆ ಬಂದವನು ದೂರು ಹೇಳಿ ಹೋಗಬಹುದು ಎಂಬ ರೂಢಿ ಆಯಿತಲ್ಲ, ಅದು ಸಣ್ಣದಲ್ಲ. ಇವತ್ತಿನ ದಸರೆಯಲ್ಲಿ ಸುಮಾರು 750 ಕಿಲೋ ತೂಕದ ಅಂಬಾರಿ ಹೊತ್ತು ಆನೆ ನಡೆಯುವುದನ್ನು ಲಕ್ಷಾಂತರ ಜನ ನೋಡುತ್ತೇವೆ. ದೂರು ಹೇಳುವ ಸಭೆ ಮಾತ್ರ ಇಲ್ಲ.

ಗಿರಣಿಯವರೂ ಒಂದು ಕಥೆ ಕೇಳಿ. ಪುಣೆಯಲ್ಲಿ ತಿಲಕರು 1893ರಿಂದ ಗಣೇಶನನ್ನು ಮನೆಯಿಂದ ಬೀದಿಗೆ ತಂದರು. ಬೀದಿಯಲ್ಲಿ ಒಟ್ಟಿಗೆ ನಿಂತು ರೂಢಿಯಾದ ಜನ 1908ರಲ್ಲಿ ಏನು ಮಾಡಿದರು? ತಿಲಕರಿಗೆ ಆರು ವರ್ಷ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಕೂಲಿಗಾರರು ವರ್ಷಕ್ಕೊಂದು ದಿನದ ಲೆಕ್ಕದಲ್ಲಿ ಆರು ದಿನ ಮುಷ್ಕರ ಹೂಡಿದರು. ಬಂದೂಕಿಗೂ ಜಗ್ಗಲಿಲ್ಲ. ಹಬ್ಬದಿಂದಲೇ ಮುಷ್ಕರ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಆದರೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಪಾಠ ಹಬ್ಬದ ಬೀದಿಯಲ್ಲೂ ಆಗುತ್ತದೆ.

ಇನ್ನು ನಮ್ಮ ಪರಿಷೆಗೆ ಬರೋಣ. ಸುಂಕೇನಹಳ್ಳಿ, ಮಾವಳ್ಳಿ, ಗವಿಪುರದ ರೈತರು ಕಳ್ಳೇಕಾಯಿ ಬೆಳೆಯುತ್ತಿದ್ದರು, ರಾತ್ರಿ ಹೊತ್ತು ಒಂದು ಬಸವ ಬಂದು ಮೇಯುತ್ತಿತ್ತು, ರೈತ ದೊಣ್ಣೆಯಿಂದ ಹೊಡೆದಾಗ ಅದು ಕಲ್ಲಾಗಿ ಕೂತಿತು, ತಪ್ಪು ಕಾಣಿಕೆಯಾಗಿ ಮೊದಲ ಫಸಲನ್ನು ಒಪ್ಪಿಸುತ್ತೇವೆಂದು ರೈತರು ಹರಕೆ ಹೊತ್ತರು. ಇದು ಕಥೆ. (ಸುಂಕೇನಹಳ್ಳಿ ಎಂಬ ಹೆಸರು ಕೇಳಿ ನಗಬೇಡಿ, ಸುಂಕದ ಮಾತು ಆಮೇಲೆ ಇದೆ.) ಗುಡಿಯನ್ನು ಕೆಂಪೇಗೌಡರು ಕಟ್ಟಿಸಿದರು ಎನ್ನುತ್ತಾರೆ, ಅವರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಕಳ್ಳೇಕಾಯಿಯಾದರೋ ದಕ್ಷಿಣ ಅಮೆರಿಕದ ಬೆಳೆ, ಪೋರ್ತುಗೀಸರು ಈ ಕಡೆಗೆ ಬಂದ ಮೇಲೆ ನಮ್ಮ ನೆಲಕ್ಕೆ ಇಳಿದದ್ದು. ಹಾಗಾದರೆ ಕಥೆ ಗುಡಿಗಿಂತ ಈಚಿನದಿರಬೇಕು. ಇರಲಿ. ಕಡಲಾಚೆಯಿಂದ ಬಂದ ಬೀಜವನ್ನು ನಮ್ಮ ರೈತ ತನ್ನದು ಮಾಡಿಕೊಂಡು, ಅದಕ್ಕೊಂದು ದೇವರ ಕಥೆ ಹೆಣೆದು, ದೊಡ್ಡ ಜಾತ್ರೆಯನ್ನೇ ಕಟ್ಟಿದ. ಇದಕ್ಕಿಂತ ದೊಡ್ಡ ಪರಂಪರೆ ಬೇಕೆ? ಇದನ್ನು ಯಾವ ಅರಸನೂ ಕಟ್ಟಲಿಲ್ಲ. ಮುಂಗಾರಿನಲ್ಲಿ ಬಿತ್ತಿ, ಗಿಡ ಕಿತ್ತು, ಕಾಯಿ ಬಿಡಿಸಿ, ಒಣಗಿಸಿದವರು ಕಟ್ಟಿದರು. ಹೊಸ ಫಸಲು ಕೈಗೆ ಬರುವುದೂ ಕಾರ್ತಿಕ ಬರುವುದೂ ಒಂದೇ ಕಾಲಕ್ಕೆ.

ಆ ದಿನ ಬುಲ್ ಟೆಂಪಲ್ ರಸ್ತೆ ನೋಡಿ. ಹಸಿಕಾಯಿ, ಹುರಿದದ್ದು, ಬೇಯಿಸಿದ್ದು, ಗುಡ್ಡೆ ಗುಡ್ಡೆ. ಕೋಲಾರ, ಚಿಂತಾಮಣಿ, ಮಾಗಡಿ, ತಮಿಳುನಾಡು, ಆಂಧ್ರದವರೆಲ್ಲ ಅಕ್ಕಪಕ್ಕ. ಒಬ್ಬನ ಸೇರಿಗೆ ಇನ್ನೊಬ್ಬ ಚಿಲ್ಲರೆ ಕೊಡುತ್ತಾನೆ. ಭಾಷೆಯ ಜಗಳ ಅಲ್ಲಿ ಕಾಣುವುದಿಲ್ಲ. ರಾತ್ರಿಯೆಲ್ಲ ಚಳಿಯಲ್ಲಿ ಮೂಟೆಗೆ ಒರಗಿ ಮಲಗುವವರು ಇವರೇ. ಕನಕಪುರ ರಸ್ತೆಯಲ್ಲಿ 2021ರಲ್ಲಿ ರೇಷ್ಮೆ ಸಂಸ್ಥೆಯ ತನಕ ಮೆಟ್ರೋ ಬಂತು. ಕೊಳ್ಳುವವರು ಅದರಲ್ಲಿ ತಂಪಾಗಿ ಬಂದು ಇಳಿಯುತ್ತಾರೆ, ಸಂತೋಷ. ಮಾರುವವನ ಮೂಟೆಗೆ ಅದರಲ್ಲಿ ಜಾಗವಿಲ್ಲ. ಅವನಿಗೆ ಟೆಂಪೋ ಬಾಡಿಗೆ ತಪ್ಪಿದ್ದಲ್ಲ.

ಈಗ ಸುಂಕದ ಮಾತು. ಮೇಷ್ಟರಾಗಿದ್ದಾಗ ಮಕ್ಕಳನ್ನು ಕರೆದುಕೊಂಡು ಒಂದು ಜಾತ್ರೆಗೆ ಹೋಗಿದ್ದೆ, ಊರ ಹೆಸರು ಬೇಡ. ನಮ್ಮ ಕಡೆಯ ಹೆಂಗಸೊಬ್ಬಳು ಬೇಯಿಸಿದ ಕಾಯಿ ಮಾರುತ್ತಿದ್ದಳು. ಗುತ್ತಿಗೆಯವನ ಆಳು ಬಂದು ಇನ್ನೂರು ರೂಪಾಯಿ ತೆಗೆದುಕೊಂಡು ಐವತ್ತರ ಚೀಟಿ ಹರಿದು ಕೊಟ್ಟ. "ಯಾಕಕ್ಕಾ ಸುಮ್ಮನಿದ್ದೆ?" ಎಂದೆ. "ಏನ್ಮಾಡ್ಲಿ ಮೇಷ್ಟ್ರೇ, ಕೊಡದಿದ್ರೆ ತಕ್ಕಡಿ ಎತ್ಕೊಂಡ್ ಹೋಯ್ತಾನೆ. ತಕ್ಕಡಿ ಹೋದ್ರೆ ನಾನೇನ್ ಕಾಯಿ ಎಣಿಸಿ ಮಾರ್ಲಾ?" ಎಂದಳು. ನನ್ನ ತರಗತಿಯ ಹುಡುಗನೊಬ್ಬ, "ಸಾರ್, ಇನ್ನೂರರಲ್ಲಿ ಐವತ್ತು ಕಳೆದರೆ ನೂರೈವತ್ತು, ಅದು ಎಲ್ಲಿ ಹೋಯ್ತು?" ಎಂದು ಕೇಳಿದ. ಕಳೆಯುವ ಲೆಕ್ಕ ಹೇಳಿಕೊಟ್ಟವನು ನಾನೇ, ಅದಕ್ಕೆ ಉತ್ತರ ಮಾತ್ರ ನನ್ನ ಬಳಿ ಇರಲಿಲ್ಲ. ಅಂದಿನಿಂದಲೇ ಶಾಲೆಯ ಕೆಲಸದಲ್ಲಿ ಮನಸ್ಸು ನಿಲ್ಲದಾಯಿತು.

ಬಸವನಗುಡಿಯ ಪರಿಷೆಯಲ್ಲಿ ವ್ಯಾಪಾರಿಗಳಿಂದ ಸುಂಕ ತೆಗೆದುಕೊಳ್ಳುವುದಿಲ್ಲ ಎಂದು 2024ರಲ್ಲಿ ಸರ್ಕಾರ ಪ್ರಕಟಿಸಿತು. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಆದರೆ ಒಬ್ಬ ಮಂತ್ರಿ ಬಾಯಿಮಾತಿನಲ್ಲಿ ಬಿಟ್ಟದ್ದನ್ನು ಇನ್ನೊಬ್ಬ ಬಾಯಿಮಾತಿನಲ್ಲೇ ಹಾಕಬಹುದು. ದಯೆಯಿಂದ ಬಂದದ್ದು ಬೇರೆ, ಹಕ್ಕಿನಿಂದ ಬಂದದ್ದು ಬೇರೆ.

ಹಕ್ಕು ಎಲ್ಲಿದೆ? ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆಂದು 2014ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯಿದೆ ಇದೆ. ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿಯದೆ ಯಾರನ್ನೂ ಎಬ್ಬಿಸುವಂತಿಲ್ಲ. ಇನ್ನೊಂದು ಮಾತನ್ನು ಗಮನವಿಟ್ಟು ಕೇಳಿ: 50 ವರ್ಷಕ್ಕೂ ಮೀರಿ ಜನ ತಾವಾಗಿಯೇ ಕೂಡಿ ವ್ಯಾಪಾರ ನಡೆಸಿಕೊಂಡು ಬಂದ ಜಾಗವನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಬೇರೆಡೆಗೆ ಸಾಗಿಸಬಾರದು ಎಂದು ಆ ಕಾಯಿದೆಯಲ್ಲಿದೆ. ನೋಡಿದಿರಾ? ಕರಪತ್ರದಲ್ಲಿ ಮಾತ್ರ ಅಲ್ಲ, ಕಾನೂನಿನಲ್ಲೂ 'ಪರಂಪರೆ' ಇದೆ. ಅದು ಗೋಪುರದ್ದಲ್ಲ, ತಕ್ಕಡಿಯದು.

ವರ್ಷಕ್ಕೊಮ್ಮೆ ಸೇರುವ ಪರಿಷೆಗೆ ಈ ಮಾತು ಹೊಂದುತ್ತದೆಯೇ ಎಂದು ವಕೀಲರು ವಾದ ತೆಗೆಯುತ್ತಾರೆ. ತೆಗೆಯಲಿ. ನಮ್ಮ ಊರಿನ ಸಂತೆಗೆ, ಅಜ್ಜನ ಕಾಲದಿಂದ ಕೂತಲ್ಲೇ ಕೂತಿರುವ ಸೊಪ್ಪಿನವರಿಗೆ, ಹೂವಿನವರಿಗೆ ಅದು ಹೊಂದುತ್ತದೆ. ಅಲ್ಲಿಂದ ಹಿಡಿಯೋಣ.

ಹುರಿ ಮಿಷನ್ನಿನವರು, ಇದು ವ್ಯಾಪಾರಿಗಳ ತಾಪತ್ರಯ, ನಮಗೇನು ಎನ್ನಬೇಡಿ. ಗಿರಣಿ ಮುಚ್ಚಿದ ದಿನ ಕೂಲಿಗಾರನಿಗೆ ಉಳಿಯುವುದು ತಳ್ಳುಗಾಡಿ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಎತ್ತರದ ಮನೆಗಳಿವೆ. ಇಂಗ್ಲೆಂಡಿನ ಡರ್ಹಾಮಿನಲ್ಲಿ ಗಣಿ ಕಾರ್ಮಿಕರು 1871ರಿಂದ ವಾರ್ಷಿಕ ಮೇಳ ನಡೆಸುತ್ತಿದ್ದಾರೆ. ಗಣಿಗಳೆಲ್ಲ ಮುಚ್ಚಿದವು, ಆದರೂ ಹಳೆಯ ಸಂಘದ ಬಾವುಟ ಹಿಡಿದು, ವಾದ್ಯ ನುಡಿಸಿಕೊಂಡು ಊರೊಳಗೆ ಮೆರವಣಿಗೆ ಬರುತ್ತಾರೆ. ಅದನ್ನು ನಡೆಸುವುದು ಸರ್ಕಾರವಲ್ಲ, ಅವರ ಸಂಘ.

ನಮ್ಮವರ ತಪ್ಪನ್ನೂ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸೇರಿನ ತಳ ಮೇಲೆತ್ತಿಸಿ ಅಳೆಯುವವರು ನಮ್ಮಲ್ಲೂ ಇದ್ದಾರೆ. ನೂರೈವತ್ತು ನುಂಗಿದವನನ್ನು ಬೈಯುವ ಬಾಯಿ ನಮಗೆ ಇರಬೇಕಾದರೆ ಅಳತೆ ಸರಿ ಇರಬೇಕು. ಪ್ಲಾಸ್ಟಿಕ್ ಚೀಲವನ್ನೂ ಬಿಡಿ. ಪರಿಷೆಗೆ ಬಟ್ಟೆ ಚೀಲ ತನ್ನಿ ಎಂದು ಈಚಿನ ವರ್ಷಗಳಲ್ಲಿ ಕರೆ ಕೊಡುತ್ತಿದ್ದಾರೆ, ಅದು ಸರಿಯಾದ ಮಾತು.

ಈಗ ಕೆಲಸ. ನಗರಸಭೆಗೆ ಕೊಡುವ ಅರ್ಜಿ ಆ ಮೇಜಿನ ಮೇಲಿದೆ. ಎಷ್ಟು ವರ್ಷದಿಂದ, ಯಾವ ಜಾಗದಲ್ಲಿ ಕೂರುತ್ತೀರಿ ಎಂದು ಬರೆಸಿ. ಅಪ್ಪ ಅಮ್ಮ ಕೂರುತ್ತಿದ್ದರೆ ಅದನ್ನೂ ಬರೆಸಿ. ಹಳೆಯ ಸುಂಕದ ಚೀಟಿ ಪೆಟ್ಟಿಗೆಯ ತಳದಲ್ಲಿದ್ದರೆ ಹುಡುಕಿ ತನ್ನಿ, ಅದೇ ನಿಮ್ಮ ಸಾಕ್ಷಿ. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ. ಪರಿಷೆಗೆ ಹೋಗುವವರು ಯಾರಿಗಾದರೂ ದುಡ್ಡು ಕೊಡಬೇಕಾಗಿ ಬಂದರೆ ಚೀಟಿ ಕೇಳಿ, ಒಬ್ಬೊಬ್ಬರೇ ಅಲ್ಲ, ನಾಲ್ಕು ಜನ ಸೇರಿ ಕೇಳಿ. ಟೆಂಪೋ ಬಾಡಿಗೆ ಹಂಚಿಕೊಳ್ಳುವವರು ಹೆಸರು ಕೊಟ್ಟು ಹೋಗಿ.