ಪೆಡಲ್ ತುಳಿದಾಗ ಬರೋ ಆ 'ಕಟಕ್' ಸದ್ದು

ಹೆಡ್‌ಫೋನ್ ಹಾಕ್ಕೊಂಡು ಸೈಕಲ್ ಓಡಿಸ್ತಾ ಕೇಳ್ತಿದ್ರೆ ದಯವಿಟ್ಟು ಸೈಡಿಗೆ ನಿಲ್ಲಿಸಿ. ಇವತ್ತಿನ ವಿಷಯ ಸೈಕಲ್ಲೇ. ನಿಂತೇ ಕೇಳಿ.

ನಾನು ಓದಿದ್ದು ಬಿಕಾಂ. ಡೆಬಿಟ್ಟು ಕ್ರೆಡಿಟ್ಟು ಗೊತ್ತು, ನಟ್ಟು ಬೋಲ್ಟು ಗೊತ್ತಿರಲಿಲ್ಲ. ಕಳೆದ ವರ್ಷ ಶಿವಮೊಗ್ಗದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ತಗೊಂಡೆ. ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ಸದ್ದು ಶುರುವಾಯ್ತು. ಬಲಗಾಲು ಕೆಳಗೆ ಹೋದಾಗೆಲ್ಲ 'ಕಟಕ್'. ಏರು ಹತ್ತುವಾಗ ಇನ್ನೂ ಜೋರು.

ಅಂಗಡಿಗೆ ಹೋದೆ. ಮೆಕ್ಯಾನಿಕ್ ಒಮ್ಮೆ ಅಲ್ಲಾಡಿಸಿ ನೋಡಿ, "ಬಿ.ಬಿ. ಹೋಗಿದೆ" ಅಂದ್ರು. ಬಿ.ಬಿ. ಅಂದ್ರೆ ಬಾಟಮ್ ಬ್ರಾಕೆಟ್. ಫ್ರೇಮಿನ ತಳದಲ್ಲಿ, ಎರಡು ಪೆಡಲ್‌ಗಳ ಮಧ್ಯೆ ಒಂದು ಅಡ್ಡ ಕೊಳವೆ ಇರುತ್ತಲ್ಲ, ಅದು ಶೆಲ್. ಅದರೊಳಗೆ ಬೇರಿಂಗು, ಬೇರಿಂಗ್ ಮಧ್ಯೆ ಆಕ್ಸಲ್. ಆಕ್ಸಲ್‌ನ ಎರಡು ತುದಿಗೆ ಕೂರೋ ತೋಳುಗಳೇ ಕ್ರ್ಯಾಂಕ್. ನೀವು ತುಳಿಯೋ ಬಲ ಪೂರ್ತಿ ಹೋಗೋದು ಈ ಜಾಗದ ಮೂಲಕ. ನಾವು ತೊಳೆಯೋದು ಚೈನು, ಒರೆಸೋದು ಫ್ರೇಮು. ಇದರ ಕಡೆ ಯಾರೂ ನೋಡಲ್ಲ.

ಕೂಲಿ ಉಳಿಸೋಣ ಅಂತ ನಾನೇ ಹಾಕೋಕೆ ಹೊರಟೆ. ಮೊದಲ ತಪ್ಪು, ಅಳತೆ ತಗೊಳ್ಳದೇ ಆನ್‌ಲೈನಲ್ಲಿ ಆರ್ಡರ್ ಮಾಡಿದ್ದು. ಬಂದಿದ್ದು 73 ಮಿಲಿಮೀಟರ್ ಶೆಲ್‌ಗೆ ಕೂರೋದು. ನನ್ನ ಫ್ರೇಮು 68. ದುಡ್ಡು ಹೋಯ್ತು.

ಹಾಗಾಗಿ ತಗೊಳ್ಳೋ ಮುಂಚೆ ಮೂರು ವಿಷಯ ನೋಡ್ಕೊಳ್ಳಿ. ಒಂದು, ಶೆಲ್ ಅಗಲ. ಕೊಳವೆಯ ಈ ಅಂಚಿಂದ ಆ ಅಂಚಿಗೆ ಸ್ಕೇಲ್ ಇಟ್ಟು ಅಳೀರಿ. ಮರೆ ಇದೆ ಅನ್ಸಿದ್ರೆ ಕ್ರ್ಯಾಂಕ್ ಬಿಚ್ಚಿದ ಮೇಲೆ ಅಳೀರಿ. ಥ್ರೆಡ್ ಇರೋ ಸಾಮಾನ್ಯ ಶೆಲ್ ಆದ್ರೆ 68 ಅಥವಾ 73 ಬರುತ್ತೆ. ಕೆಲವು ಇಟಾಲಿಯನ್ ಫ್ರೇಮಿಗೆ 70. ಒಳಗೆ ಥ್ರೆಡ್ಡೇ ಇಲ್ಲ, ನುಣ್ಣಗಿದೆ ಅಂದ್ರೆ ಅದು ಪ್ರೆಸ್ ಫಿಟ್. ಅದಕ್ಕೆ ಬೇರೆ ಟೂಲ್ ಬೇಕು, ಮನೆಯಲ್ಲಿ ಸುತ್ತಿಗೆ ತಗೊಂಡು ಕೂರಬೇಡಿ, ಅಂಗಡಿಗೆ ಕೊಡಿ.

ಎರಡು, ಆಕ್ಸಲ್ ಯಾವ ಥರ. ತುದಿ ಚೌಕವಾಗಿ, ಹೊರಗೆ ಹೋಗ್ತಾ ಸಣ್ಣ ಆಗಿದ್ರೆ ಸ್ಕ್ವೇರ್ ಟೇಪರ್. ಇದರಲ್ಲಿ ಆಕ್ಸಲ್ ಉದ್ದ ಬಹಳ ಮುಖ್ಯ. 110, 113, 118, 122.5 ಮಿಲಿಮೀಟರ್, ಹೀಗೆ ಹಲವು ಬರುತ್ತೆ. ಹಳೇ ಬಿ.ಬಿ. ಮೇಲೆ ನಂಬರ್ ಇದ್ರೆ ಅದನ್ನೇ ತಗೊಳ್ಳಿ. ಉದ್ದ ಜಾಸ್ತಿಯಾದ್ರೆ ಮುಂದಿನ ಚಕ್ರಹಲ್ಲು ಹೊರಗೆ ಸರಿದು ಚೈನು ಓರೆಯಾಗಿ ಓಡುತ್ತೆ. ಕಮ್ಮಿಯಾದ್ರೆ ಹಲ್ಲು ಫ್ರೇಮಿಗೆ ಉಜ್ಜುತ್ತೆ. ಈಗಿನ ಎಷ್ಟೋ ಸೈಕಲ್‌ಗಳಲ್ಲಿ ಆಕ್ಸಲ್ ಬಲಗಡೆ ಕ್ರ್ಯಾಂಕಿಗೇ ಅಂಟಿಕೊಂಡಿರುತ್ತೆ, ಬೇರಿಂಗ್ ಶೆಲ್‌ನ ಹೊರಗೆ ಕೂರುತ್ತೆ. ಶಿಮಾನೊದ ಹಾಲೋಟೆಕ್ 2 ಆ ಥರದ್ದು, 24 ಮಿಲಿಮೀಟರ್ ದಪ್ಪ. ಇದಕ್ಕೂ ಸ್ಕ್ವೇರ್ ಟೇಪರ್‌ಗೂ ಹೊಂದಲ್ಲ. ಬದಲಾಯಿಸೋದಾದ್ರೆ ಬಿ.ಬಿ., ಕ್ರ್ಯಾಂಕ್ ಎರಡೂ ಬದಲಾಯಿಸಬೇಕು.

ಮೂರು, ಕ್ರ್ಯಾಂಕ್ ಉದ್ದ. ತೋಳಿನ ಹಿಂಬದಿಯಲ್ಲೇ ಬರೆದಿರುತ್ತೆ. 170 ಜಾಸ್ತಿ ಸಿಗುತ್ತೆ. ಎತ್ತರ ಕಮ್ಮಿ ಇರೋರಿಗೆ 165 ಆರಾಮ ಅನ್ನಿಸಬಹುದು.

ಅಜ್ಜನ ಕಾಲದ ಕರೀ ಸೈಕಲ್ ಮನೇಲಿದ್ಯಾ? ಅದರದ್ದು ಬೇರೆ ಕಥೆ. ಅದರಲ್ಲಿ ಕ್ರ್ಯಾಂಕ್ ನಿಲ್ಲೋದು ಕಾಟರ್ ಪಿನ್ ಮೇಲೆ. ಒಳಗೆ ಬಿಡಿ ಬಾಲ್ಸು, ಕಾಲಿಂಚಿನವು, ಸಾಮಾನ್ಯವಾಗಿ ಒಂದು ಕಡೆಗೆ 11. ಸದ್ದು ಬಂದ್ರೆ ಎಲ್ಲ ಎಸೀಬೇಕಿಲ್ಲ. ಕಪ್ ಸವೆದಿಲ್ಲ ಅಂದ್ರೆ ಬಾಲ್ಸ್ ಬದಲಾಯಿಸಿ ಹೊಸ ಗ್ರೀಸ್ ಹಾಕಿದ್ರೆ ಸಾಕು.

ಈಗ ನನ್ನ ಎರಡನೇ ತಪ್ಪು. ಹಳೇ ಬಿ.ಬಿ.ಯ ಬಲಗಡೆ ಕಪ್ ಬಿಚ್ಚೋಕೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಅರ್ಧ ಗಂಟೆ ಜಗ್ಗಿದೆ. ಅಲ್ಲಾಡಲಿಲ್ಲ. ಯಾಕೆ ಅಂದ್ರೆ ನಾನು ಬಿಚ್ತಾ ಇರಲಿಲ್ಲ, ಇನ್ನೂ ಬಿಗಿ ಮಾಡ್ತಿದ್ದೆ! 68, 73ರ ಶೆಲ್‌ನಲ್ಲಿ ಬಲಗಡೆ, ಅಂದ್ರೆ ಚೈನ್ ಕಡೆ, ಉಲ್ಟಾ ಥ್ರೆಡ್. ತುಳಿತಾ ತುಳಿತಾ ಕಪ್ ತಾನಾಗೇ ಸಡಿಲ ಆಗಬಾರದು ಅಂತ ಹಾಗೆ ಮಾಡಿದ್ದಾರೆ. ನೆನಪಿಟ್ಕೊಳ್ಳೋಕೆ ಸುಲಭ ದಾರಿ ಇದೆ. ಸೈಕಲ್ ನೆಟ್ಟಗೆ ನಿಲ್ಲಿಸಿ. ಯಾವ ಕಡೆ ಆದ್ರೂ ಸರಿ, ಚಕ್ರ ಮುಂದಕ್ಕೆ ಉರುಳೋ ದಿಕ್ಕಿಗೆ ತಿರುಗಿಸಿದ್ರೆ ಕಪ್ ಬಿಚ್ಚುತ್ತೆ, ಹಿಂದಕ್ಕೆ ತಿರುಗಿಸಿದ್ರೆ ಬಿಗಿಯಾಗುತ್ತೆ. ಪೆಡಲ್‌ಗೆ ಮಾತ್ರ ಇದು ತದ್ವಿರುದ್ಧ. ಅದು ಮುಂದಕ್ಕೆ ಬಿಗಿ, ಹಿಂದಕ್ಕೆ ಸಡಿಲ. ಇಟಾಲಿಯನ್ ಶೆಲ್‌ಗೂ ಇದು ಅನ್ವಯ ಆಗಲ್ಲ, ಅದರಲ್ಲಿ ಎರಡೂ ಕಡೆ ಮಾಮೂಲಿ ಥ್ರೆಡ್ಡೇ.

ಕ್ರ್ಯಾಂಕ್ ಎಳೆಯೋ ಪುಲ್ಲರ್ ಬಗ್ಗೆ ಒಂದು ಮಾತು. ಮೊದಲು ಬೋಲ್ಟು, ವಾಷರ್ರು ಎರಡೂ ತೆಗೀರಿ. ಆಮೇಲೆ ಪುಲ್ಲರ್ ಅನ್ನ ಪೂರ್ತಿ ಒಳಗೆ ತಿರುಗಿಸಿ. ಎರಡು ಸುತ್ತು ಹಾಕಿ ಎಳೆದ್ರೆ ಅಲ್ಯುಮಿನಿಯಂ ಥ್ರೆಡ್ ಕಿತ್ತು ಬರುತ್ತೆ.

ಹೊಸ ಬಿ.ಬಿ. ಹಾಕುವಾಗ ಶೆಲ್ ಒಳಗೆ ಚೆನ್ನಾಗಿ ಒರೆಸಿ, ಥ್ರೆಡ್‌ಗೆ ಗ್ರೀಸ್ ಹಚ್ಚಿ. ಮೊದಲ ಮೂರ್ನಾಲ್ಕು ಸುತ್ತು ಬರೀ ಕೈಯಲ್ಲೇ ತಿರುಗಬೇಕು. ತಿರುಗದಿದ್ರೆ ಓರೆ ಕೂತಿದೆ ಅಂತ ಅರ್ಥ. ಹೊರಗೆ ತೆಗೆದು ಮತ್ತೆ ಇಡಿ. ಬಿ.ಬಿ. ಹಾಳಾದ್ರೆ ಇನ್ನೊಂದು ತರಬಹುದು, ಫ್ರೇಮಿನ ಥ್ರೆಡ್ ಹಾಳಾದ್ರೆ ಕಷ್ಟ.

ಇಷ್ಟೆಲ್ಲ ನಾನು ಕೊನೆಗೂ ಸರಿಯಾಗೇ ಮಾಡಿದೆ. ಸದ್ದು ನಿಂತುಹೋಯ್ತು. ಫೋಟೋ ತೆಗೆದು ಸ್ಟೇಟಸ್ ಕೂಡ ಹಾಕಿದೆ.

ಆದ್ರೆ ಮೂರನೇ ತಪ್ಪು ಗೊತ್ತೇ ಆಗಲಿಲ್ಲ. ಕ್ರ್ಯಾಂಕ್ ಬೋಲ್ಟನ್ನ ಕೈಗೆ ಬಿಗಿ ಅನ್ನಿಸಿದಲ್ಲಿಗೆ ಬಿಟ್ಟಿದ್ದೆ.

ವಾರ ಆಗಿರಬೇಕು. ನನ್ನ ತಂಗಿ ಕಾಲೇಜಿಗೆ ಅದೇ ಸೈಕಲ್ ತಗೊಂಡು ಹೋಗ್ತಿದ್ಲು. ಒಂದು ಸಂಜೆ ಬಂದು, "ಅಣ್ಣಾ, ಎಡಗಡೆ ಏನೋ ಲೊಡ ಲೊಡ ಅಂತಿದೆ" ಅಂದ್ಲು. ನಾನು ಫೋನಿಂದ ತಲೆ ಎತ್ತದೇ, "ಹೊಸದಲ್ವಾ, ಸೆಟ್ ಆಗುತ್ತೆ ಬಿಡು" ಅಂದೆ.

ಎರಡು ದಿನ ಬಿಟ್ಟು ಬಿ.ಎಚ್. ರೋಡಲ್ಲಿ ಎಡಗಡೆ ಕ್ರ್ಯಾಂಕು ಪೆಡಲ್ ಸಮೇತ ಕಳಚಿಬಿತ್ತು. ನಿಂತು ತುಳಿತಿದ್ಲು, ಮುಗ್ಗರಿಸಿ ಬಿದ್ಲು. ಹಿಂದೆ ಬರ್ತಿದ್ದ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ್ರು. ಗಲ್ಲಕ್ಕೆ ಮೂರು ಹೊಲಿಗೆ, ಮೊಣಕೈ ತರಚು ಗಾಯ. ಅಷ್ಟಕ್ಕೇ ಮುಗೀತು. ಆಸ್ಪತ್ರೆಯಲ್ಲಿ ಅವಳು ಬೈಲಿಲ್ಲ. "ನೀನೇ ರಿಪೇರಿ ಮಾಡಿದ್ದಲ್ವಾ?" ಅಂತ ಮಾತ್ರ ಕೇಳಿದ್ಲು. ನಾನು ಹೌದು ಅಂದೆ. ಇನ್ನೇನು ಹೇಳ್ಲಿ?

ಆಗಿದ್ದೇನು ಅಂತ ಆಮೇಲೆ ತಿಳ್ಕೊಂಡೆ. ಸ್ಕ್ವೇರ್ ಟೇಪರ್‌ನಲ್ಲಿ ಉಕ್ಕಿನ ಆಕ್ಸಲ್ ಮೇಲೆ ಅಲ್ಯುಮಿನಿಯಂ ತೋಳು ಬೆಣೆ ಹೊಡೆದ ಹಾಗೆ ಕೂರಬೇಕು. ಬೋಲ್ಟ್ ಬಿಗಿ ಸಾಲದಿದ್ರೆ ಪ್ರತಿ ತುಳಿತಕ್ಕೂ ತೋಳು ಚೂರು ಅಲ್ಲಾಡುತ್ತೆ. ಗಟ್ಟಿ ಉಕ್ಕು ಮೆತ್ತನೆ ಅಲ್ಯುಮಿನಿಯಂ ಅನ್ನ ತಿನ್ನುತ್ತೆ, ಚೌಕದ ತೂತು ಗುಂಡಗಾಗುತ್ತೆ. ಒಮ್ಮೆ ಹಾಗಾದ್ರೆ ಎಷ್ಟು ಬಿಗಿ ಮಾಡಿದ್ರೂ ನಿಲ್ಲಲ್ಲ, ತೋಳನ್ನೇ ಬದಲಾಯಿಸಬೇಕು. ಅವಳು ಸದ್ದು ಅಂತ ಹೇಳಿದ ದಿನವೇ ಸೈಕಲ್ ಬದಿಗೆ ನಿಲ್ಲಿಸಿದ್ರೆ ಅವಳು ಬೀಳ್ತಿರಲಿಲ್ಲ.

ಹಾಗಾದ್ರೆ ಎಷ್ಟು ಬಿಗಿ? ಈ ಬೋಲ್ಟಿಗೆ ಸಾಮಾನ್ಯವಾಗಿ 35ರಿಂದ 50 ನ್ಯೂಟನ್ ಮೀಟರ್. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 20 ಕೆಜಿ ಭಾರ ಹಾಕಿದ್ರೆ 40 ಆಯ್ತು. 25 ಕೆಜಿ ಅಕ್ಕಿ ಮೂಟೆ ಎತ್ತಿದ್ದೀರಲ್ಲ, ಅದಕ್ಕಿಂತ ಸ್ವಲ್ಪ ಕಮ್ಮಿ. ನಾನು ಅದರ ಅರ್ಧವೂ ಹಾಕಿರಲಿಲ್ಲ. ಟಾರ್ಕ್ ವ್ರೆಂಚ್ ಸಿಕ್ಕಿದ್ರೆ ಅದನ್ನೇ ಬಳಸಿ, ಊಹೆ ಬೇಡ. ಹಾಲೋಟೆಕ್ 2ರಲ್ಲಿ ಲೆಕ್ಕ ಬೇರೆ. ಎಡ ತೋಳಿನ ಎರಡು ಸಣ್ಣ ಬೋಲ್ಟುಗಳಿಗೆ 12ರಿಂದ 14 ಸಾಕು, ಒಂದಾದ ಮೇಲೆ ಒಂದನ್ನ ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ತಾ ಹೋಗಿ. ಹಾಕಿದ ಮೇಲೆ ಮೊದಲ ಸವಾರಿ ಮುಗಿಸಿ ಬಂದು ಇನ್ನೊಮ್ಮೆ ನೋಡಿ.

ಕೊನೆಗೆ ಹತ್ತು ಸೆಕೆಂಡಿನ ಪರೀಕ್ಷೆ ಹೇಳ್ತೀನಿ. ಎರಡು ಕ್ರ್ಯಾಂಕ್ ತೋಳನ್ನೂ ಹಿಡಿದು ಫ್ರೇಮಿನ ಕಡೆಗೆ, ಹೊರಗಡೆಗೆ ಅಲ್ಲಾಡಿಸಿ. ಎರಡೂ ಒಟ್ಟಿಗೆ ಅಲ್ಲಾಡಿದ್ರೆ ಬೇರಿಂಗ್ ಹೋಗಿದೆ, ಇಲ್ಲಾ ಕಪ್ ಸಡಿಲ. ಒಂದೇ ಅಲ್ಲಾಡಿದ್ರೆ ಆ ತೋಳು ಸಡಿಲ, ಅದನ್ನ ಓಡಿಸಬೇಡಿ. ಎರಡೂ ಗಟ್ಟಿ ಇದ್ದು ಸದ್ದು ಮಾತ್ರ ಬರ್ತಿದ್ರೆ ಪೆಡಲ್, ಸೀಟು, ಸೀಟ್ ಕೊಳವೆ ನೋಡಿ. ಸದ್ದು ಎಲ್ಲಿಂದ ಅಂತ ಗೊತ್ತಾಗೋವರೆಗೂ ಯಾವ ಪಾರ್ಟಿಗೂ ದುಡ್ಡು ಹಾಕಬೇಡಿ.

ತಂಗಿ ಈಗ್ಲೂ ಅದೇ ಸೈಕಲ್ ಓಡಿಸ್ತಾಳೆ. ಎಡಗಡೆಗೆ ಹೊಸ ತೋಳು ಹಾಕಿದ್ದೀವಿ. ಬೋಲ್ಟ್ ಬಿಗಿ ಮಾಡಿದ್ದು ಅವಳೇ, ಪಕ್ಕದಲ್ಲಿ ನಿಂತು ನಾನು ನೋಡ್ತಿದ್ದೆ. ಪ್ರತಿ ದಿನ ಗೇಟ್ ದಾಟೋ ಮುಂಚೆ ಬಗ್ಗಿ ಎರಡೂ ತೋಳು ಅಲ್ಲಾಡಿಸಿ ನೋಡಿಯೇ ಹೊರಡ್ತಾಳೆ. ನೀವೂ ಇವತ್ತು ಇಯರ್‌ಫೋನ್ ತೆಗೆದ ಮೇಲೆ ಒಮ್ಮೆ ಬಗ್ಗಿ ನೋಡಿ. ಮನೆಯಲ್ಲಿ ಯಾರಾದ್ರೂ "ಏನೋ ಸದ್ದು ಬರ್ತಿದೆ" ಅಂದ್ರೆ ದಯವಿಟ್ಟು ಫೋನ್ ಕೆಳಗಿಡಿ.

ಮುಂದಿನ ವಾರ ಸಿಗೋಣ. ಹುಷಾರಾಗಿ ಓಡಿಸಿ, ನಮಸ್ಕಾರ.