ಅಂಗಳಕ್ಕೆ ಜಲ್ಲಿ ಎಷ್ಟು ಬೇಕು?



ಮಳೆ ಬಂತು ಅಂದರೆ ನಮ್ಮ ಅಂಗಳವೆಲ್ಲ ಕೆಸರು. ಕೊಡ ಹೊತ್ತು ಬರುವವರು ನಾವು. ಜಾರಿ ಬೀಳುವವರೂ ನಾವು. ಜಲ್ಲಿ ಹಾಸಿದರೆ ಕೆಸರಿನ ಕಾಟ ತಪ್ಪುತ್ತದೆ. ಆದರೆ ಎಷ್ಟು ತರಿಸಬೇಕು? ಟ್ರ್ಯಾಕ್ಟರಿನವನು “ಎರಡು ಲೋಡು ಬೇಕಮ್ಮಾ” ಅಂತಾನೆ. ನಾವು ಹೂಂ ಅಂತೇವೆ. ದುಡ್ಡು ನಮ್ಮದು, ಅದೂ ಸಂಘದಲ್ಲಿ ಸಾಲ ತಂದದ್ದು. ಲೆಕ್ಕ ಮಾತ್ರ ಅವನದು! ಇವತ್ತು ಆ ಲೆಕ್ಕ ನಾವೇ ಮಾಡೋಣ.

ಮೊದಲು ಅಂಗಳ ಅಳೆಯೋಣ. ಟೇಪು ಇಲ್ಲವೆ? ಹಗ್ಗ ಸಾಕು. ಎರಡು ಮೊಳಕ್ಕೆ ಮೂರು ಅಡಿ. ಅಂಗಳ 20 ಅಡಿ ಉದ್ದ, 15 ಅಡಿ ಅಗಲ ಇದೆ ಅನ್ನಿ. 20 × 15 = 300 ಚದರ ಅಡಿ. ಅಂಗಳ ಸೊಟ್ಟಗಿದ್ದರೆ ಎರಡು ಭಾಗ ಮಾಡಿ ಅಳೆದು ಕೂಡಿಸಿ.

ಇಷ್ಟೇ ಸಾಲದು. ರಾಗಿ ಒಣಹಾಕುವಾಗ ತೆಳ್ಳಗೆ ಹರಡಿದರೆ ಚಾಪೆ ತುಂಬುತ್ತದೆ. ದಪ್ಪ ಹರಡಿದರೆ ಅದೇ ರಾಗಿ ಅರ್ಧ ಚಾಪೆಗೂ ಬರೋದಿಲ್ಲ. ಜಲ್ಲಿಯೂ ಹಾಗೇ. ದಪ್ಪ ಎಷ್ಟು ಅಂತ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಜನ ಓಡಾಡುವ ಅಂಗಳಕ್ಕೆ ಮೂರು ಅಂಗುಲ ಸಾಕು. ನಾಲ್ಕು ಬೆರಳು ಜೋಡಿಸಿ ಅಡ್ಡ ಹಿಡಿಯಿರಿ, ಹೆಚ್ಚುಕಮ್ಮಿ ಅಷ್ಟು. 12 ಅಂಗುಲಕ್ಕೆ ಒಂದು ಅಡಿ. ಮೂರು ಅಂಗುಲ ಅಂದರೆ ಕಾಲು ಅಡಿ. 300ರಲ್ಲಿ ಕಾಲು ಭಾಗ 75. ನಮಗೆ ಬೇಕಾದ ಜಲ್ಲಿ 75 ಘನ ಅಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಸುವಷ್ಟಕ್ಕೆ ಒಂದು ಘನ ಅಡಿ ಅಂತಾರೆ.

ಮೆತ್ತನೆ ಮಣ್ಣು ಕಲ್ಲು ನುಂಗುತ್ತದೆ. ಅದಕ್ಕೇ ನೆಲವನ್ನು ಮೊದಲು ದಿಮ್ಮಸು ಹಾಕಿ ಗಟ್ಟಿ ಮಾಡಬೇಕು. ಆದರೂ ಹತ್ತಕ್ಕೆ ಒಂದರಂತೆ ಹೆಚ್ಚು ಹಿಡಿಯೋಣ. ಸುಮಾರು 83 ಆಯಿತು.

ಈಗ ಟ್ರೇಲರ್ ಅಳೆಯಿರಿ. ಒಳಗಡೆ 10 ಅಡಿ ಉದ್ದ, 6 ಅಡಿ ಅಗಲ, ಜಲ್ಲಿ ಒಂದೂವರೆ ಅಡಿ ಎತ್ತರ ಇದ್ದರೆ 90 ಘನ ಅಡಿ. ಒಂದೇ ಲೋಡು ಸಾಕಾಯಿತಲ್ಲ! ಎರಡನೇ ಲೋಡು ತರಿಸಿದ್ದರೆ ದುಡ್ಡೂ ದಂಡ, ಮೈನೋವೂ ದಂಡ. ಒಂದು ಘನ ಅಡಿ ಜಲ್ಲಿ 40 ಕಿಲೋಗಿಂತ ಹೆಚ್ಚು ತೂಗುತ್ತದೆ. ಮಿಕ್ಕಿದ್ದನ್ನು ಬುಟ್ಟಿಯಲ್ಲಿ ಹೊರುವವರು ಯಾರು?

ಎಲ್ಲ ಟ್ರೇಲರುಗಳೂ ಒಂದೇ ಅಳತೆ ಇರೋದಿಲ್ಲ. ಕೆಲವರು ನಡುವೆ ಗುಡ್ಡೆ ಮಾಡಿ ಮೂಲೆ ಖಾಲಿ ಬಿಡ್ತಾರೆ. ಸಮ ಮಾಡಿಸಿ, ಆಮೇಲೆ ಎತ್ತರ ನೋಡಿ. ಇದೆಲ್ಲ ಜಲ್ಲಿ ಸುರಿಯುವ ಮೊದಲೇ ಆಗಬೇಕು. ಸುರಿದ ರಾಶಿ ಅಳೆಯೋದು ಕಷ್ಟ.