ಬಾದಾಮಿಯ ಕಲ್ಲು
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಪುಣೆಯಲ್ಲಿ ನೆಲೆಸಿದ ನಾವು ರಜೆಗೆ ನಾಡಿಗೆ ಹೋದಾಗ ಮಕ್ಕಳಿಗೆ ಬಾದಾಮಿಯನ್ನು ತೋರಿಸುತ್ತೇವೆ. ಚಾಲುಕ್ಯರ ಗುಹೆಗಳನ್ನು ಕಂಡು ಹಿಗ್ಗುತ್ತೇವೆ. ಆ ಗುಹೆಗಳಿಗೆ ಒಡಲು ಕೊಟ್ಟ ಕಲ್ಲನ್ನು ಮಾತ್ರ ನಿಂತು ನೋಡುವುದಿಲ್ಲ. ಇಂದು ಆ ಕಲ್ಲಿನ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡುತ್ತೇವೆ.

ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ತಲೆಯೆತ್ತಿದರೆ ಗೋಡೆಯಂತಹ ಕೆಂಪು ಬೆಟ್ಟ. ಅದರ ಮೈತುಂಬ ಅಡ್ಡಗೆರೆಗಳು, ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿದಂತೆ. ಇದು ಮರಳುಗಲ್ಲು. ಐವತ್ತು ಕೋಟಿ ವರ್ಷಗಳಿಗೂ ಬಹಳ ಹಿಂದೆ ಹರಿವ ನೀರು ಹಾಸಿದ ಮರಳು ಪದರಪದರವಾಗಿ ಕೂತಿತು. ಮೇಲಿನ ಭಾರಕ್ಕೆ ಅಮುಕಿ, ಕಣಕಣಗಳ ನಡುವೆ ಬೆಸುಗೆ ಬಿದ್ದು ಕಲ್ಲಾಯಿತು. ಕಬ್ಬಿಣದ ಅಂಶ ಕೆಂಪನ್ನು ಕೊಟ್ಟಿತು. ಕೆಲವೆಡೆ ಒಂದೇ ಪದರದೊಳಗೆ ಓರೆಗೆರೆಗಳಿವೆ. ಅಂದಿನ ಪ್ರವಾಹ ಯಾವ ಕಡೆಗೆ ಹರಿಯಿತೆಂಬುದಕ್ಕೆ ಅವೇ ಸಾಕ್ಷಿ. ಗಟ್ಟಿ ಪದರ ಮುಂದೆ ಚಾಚಿದೆ, ಮೆದು ಪದರ ಸವೆದು ಒಳಸರಿದಿದೆ. ನೆಟ್ಟನೆಯ ಬಿರುಕುಗಳಲ್ಲಿ ನೀರಿಳಿದು ಬಂಡೆಗಳು ಕಳಚಿಬಿದ್ದುದರಿಂದ ಬೆಟ್ಟ ಕಡಿದಾಗಿದೆ.

ಇಲ್ಲಿಯ ಸಿಂಹಗಡದಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಪದರಗಳಿವೆಯಲ್ಲ ಎಂದು ಮಕ್ಕಳು ಕೇಳಿಯಾರು. ಉಂಟು, ಆದರೆ ಅವು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯಿಂದ ಉಕ್ಕಿದ ಲಾವಾರಸ ಮತ್ತೆ ಮತ್ತೆ ಹರಿದು ಹೆಪ್ಪುಗಟ್ಟಿದ ಕಪ್ಪುಶಿಲೆ. ಅದು ಬೆಂಕಿಯ ಕೂಸು, ಬಾದಾಮಿಯದು ನೀರಿನ ಕೂಸು. ಕಾರ್ಲೆಯ ಗುಹೆಯನ್ನು ಕೊರೆದದ್ದು ಆ ಕಪ್ಪುಶಿಲೆಯಲ್ಲಿ.

578ರ ಮಂಗಲೇಶನ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಮರಳಿನ ಆ ಗೆರೆಗಳು ಕಂಬಗಳ ಮೇಲೂ ಹಾದುಹೋಗಿವೆ. ಶಿಲ್ಪಿಗಳು ಅವುಗಳನ್ನು ಮರೆಮಾಚಲಿಲ್ಲ. ಐಹೊಳೆ, ಪಟ್ಟದಕಲ್ಲುಗಳ ಗುಡಿಗಳೂ ಮರಳುಗಲ್ಲಿನವೇ. 1987ರಲ್ಲಿ ಪಟ್ಟದಕಲ್ಲು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಆದರೆ ಉಳಿಗೆ ಒಲಿದ ಕಲ್ಲು ಮೊಳೆಗೂ ಒಲಿಯುತ್ತದೆ. ಗಾಳಿ, ಮಳೆ ಕಣಕಣವಾಗಿ ಅದನ್ನು ಸವೆಸುತ್ತಿವೆ. ನೋಡಬಂದವರು ಹೆಸರು ಗೀಚಿದರೆ ಆ ಗಾಯ ಮಾಯದು.

ಬಂಧುಗಳೇ, ಪರನಾಡಿನ ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಪಾಠ ದೊರೆಯದಿರಬಹುದು. ಆ ಬೆಟ್ಟದೆದುರು ನಿಲ್ಲಿಸಿ, ಮರಳು, ಪದರ, ಗೆರೆ, ಬಿರುಕು ಎಂದು ಒಂದೊಂದನ್ನೇ ತೋರಿಸಿ ಕನ್ನಡದಲ್ಲಿ ಹೇಳುವುದು ನಮ್ಮ ಕೈಯಲ್ಲಿದೆ. ಅವರು ಆ ಕಲ್ಲನ್ನು ಕಣ್ಣಿಂದ ಓದಲಿ, ಕೈಯಿಂದ ಬರೆಯದಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.